ದೇವರಾಜ ಅರಸು ಮತ್ತು ನಮ್ಮ ತಾತನ ಜೀತ

 

ಆಗಸ್ಟ್ 20 ದೇವರಾಜ ಅರಸು ಹುಟ್ಟಿದ ದಿನ. ನಮ್ಮ ಕೊಣನೂರಿನಿಂದ ಹೊಳೆ ದಾಟಿ ಪಿರಿಯಾಪಟ್ಟಣದ ಆಚೆಗೆ ಹೋದರೆ ಹುಣಸೂರು ಸೀಮೆ; ಅಲ್ಲಿನ ಕಲ್ಲಹಳ್ಳಿಯವರು. 1915ರಲ್ಲಿ ಹುಟ್ಟಿದರು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿಯೂ ಊರಿಗೆ ಬಂದು ಬೇಸಾಯ ಹಿಡಿದರು. 1941ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ, 1952ರಲ್ಲಿ ವಿಧಾನಸಭೆ, 1972ರಲ್ಲಿ ಮುಖ್ಯಮಂತ್ರಿ. ಇದೆಲ್ಲ ನಾವು ಮಕ್ಕಳಿಗೆ ಪಾಠ ಮಾಡುವುದೇ. ನಾನು ಹೇಳಬೇಕೆಂದಿರುವುದು ಜೀತದ ವಿಷಯ.

ನಮ್ಮ ತಾತ ಜೀತಕ್ಕಿದ್ದವರು. ಮದುವೆಗೆಂದು ತಂದ ಸಾಲಕ್ಕೆ ಒಡೆಯರ ಕೊಟ್ಟಿಗೆ ಸೇರಿದರು. ಹಗಲು ಆರಂಬ, ರಾತ್ರಿ ದನ ಕಾಯುತ್ತ ಅಲ್ಲೇ ನಿದ್ದೆ. ಸಾಲ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಲೆಕ್ಕ ಬರೆದವರು ಒಡೆಯರು; ತಾತನದು ಬರೀ ಹೆಬ್ಬೆಟ್ಟು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ. ಅದಕ್ಕಾಗಿ ದುಡಿದ ಆ ದೇಶದ ಜನರಿಗೇ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದರು. ನಮ್ಮಲ್ಲಿ ಬಾಬಾಸಾಹೇಬರ ಸಂವಿಧಾನ 23ನೇ ವಿಧಿಯಲ್ಲಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ್ದು 1950ರಲ್ಲಿ. ಆದರೆ ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆ 1976ರಲ್ಲಿ. ಇಪ್ಪತ್ತೈದು ವರ್ಷ ಆ ವಿಧಿ ನಮ್ಮ ತಾತನ ಕೊಟ್ಟಿಗೆಯವರೆಗೆ ಬರಲೇ ಇಲ್ಲ.

ಕಾಯ್ದೆ ದಿಲ್ಲಿಯದು, ಬಂದದ್ದು ತುರ್ತುಪರಿಸ್ಥಿತಿಯಲ್ಲಿ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಇಲ್ಲಿ ಜೀತದಾಳುಗಳನ್ನು ಹುಡುಕಿ ಬಿಡಿಸುವ ಕೆಲಸಕ್ಕೆ ಕೈಹಾಕಿದ್ದು ಅರಸು ಸರ್ಕಾರ. ಬಡವರ ಸಾಲ ಪರಿಹಾರದ ಕಾಯ್ದೆಯನ್ನೂ 1976ರಲ್ಲೇ ತಂದರು.

ಒಂದು ಕೊರತೆಯನ್ನೂ ಹೇಳಲೇಬೇಕು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಜಮೀನು ಪಡೆದರು. ಜೀತದಾಳು ಗೇಣಿದಾರನಲ್ಲ; ಅವನು ತುಂಬುವ ಫಾರಮ್ಮೇ ಇರಲಿಲ್ಲ. ಅಮೆರಿಕದಲ್ಲೂ ಬಿಡುಗಡೆಯಾದವರಿಗೆ ನಲವತ್ತು ಎಕರೆಯವರೆಗೆ ಕೊಡುತ್ತೇವೆಂದ ಭೂಮಿಯನ್ನು ಅದೇ 1865ರಲ್ಲಿ ಅಧ್ಯಕ್ಷ ಜಾನ್ಸನ್ ಹಿಂದಕ್ಕೆ ಪಡೆದರು. ಅರಸು ಅವರು ಮಂಜೂರಾದ ಜಮೀನಾದರೂ ನಮ್ಮವರ ಕೈತಪ್ಪದಿರಲೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದರು. 1982ರ ಜೂನ್ 6ರಂದು ತೀರಿಕೊಂಡರು.

ಸಾಮಞ್ಞಫಲ ಸುತ್ತದಲ್ಲಿ ಭಗವಾನ್ ಬುದ್ಧರು ಮನಸ್ಸಿನ ಬಿಡುಗಡೆಯನ್ನು ಸಾಲ ತೀರಿದವನ, ದಾಸ್ಯ ಕಳೆದವನ ಸಂತೋಷಕ್ಕೆ ಹೋಲಿಸುತ್ತಾರೆ. ಅದನ್ನು ಓದುವಾಗೆಲ್ಲ ನನಗೆ ಅಜ್ಜಿ ಹೇಳುತ್ತಿದ್ದದ್ದು ನೆನಪಾಗುತ್ತದೆ. ಜೀತ ಬಿಟ್ಟ ಮೇಲೂ ತಾತ ಅದೇ ಮನೆಯ ಹೊಲಕ್ಕೇ ಕೂಲಿಗೆ ಹೋದರು, ಬೇರೆ ದಾರಿಯಿರಲಿಲ್ಲ. ಆದರೆ ಸಂಜೆ ಮನೆಗೆ ಬರುತ್ತಿದ್ದರು. ಮೊದಲ ರಾತ್ರಿ ಮಾತ್ರ ದನಕ್ಕೆ ಹುಲ್ಲು ಹಾಕಬೇಕೆಂದು ಮೂರು ಸಲ ಎದ್ದು ಕೂತರಂತೆ.