ದಿವಂಗತ ಪಂಡಿತ ದ. ವಿ. ಪಲುಸ್ಕರರು

ದೊಡ್ಡವರ ಮಗನಾಗಿ ಹುಟ್ಟುವುದು ಭಾಗ್ಯವೆಂದು ಲೋಕವು ಬಗೆಯುತ್ತದೆ. ಅದು ಋಣವೂ ಹೌದೆಂಬುದನ್ನು ಮರೆಯುತ್ತದೆ. ಆ ಋಣವನ್ನು 34 ವರ್ಷಗಳ ಅಲ್ಪಾಯುಷ್ಯದಲ್ಲಿಯೇ ತೀರಿಸಿ ಹೋದ ಪಂಡಿತ ದತ್ತಾತ್ರೇಯ ವಿಷ್ಣು ಪಲುಸ್ಕರರ ಜೀವನವನ್ನು ವಾಚಕರಿಗೆ ನೆನಪು ಮಾಡಿಕೊಡಲು ನಾವು ಇಚ್ಛಿಸುತ್ತೇವೆ.

ಇವರ ತಂದೆಯವರಾದ ಗಾಯನಾಚಾರ್ಯ ವಿಷ್ಣು ದಿಗಂಬರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಅರಮನೆಗಳ ಆಶ್ರಯದಲ್ಲಿಯೂ ಮನೆತನಗಳ ಗುಟ್ಟಿನಲ್ಲಿಯೂ ಅಡಗಿದ್ದ ಸಂಗೀತವಿದ್ಯೆಯನ್ನು ಜನಸಾಮಾನ್ಯರ ಬಳಿಗೆ ತಂದವರು; ಕಾಂಗ್ರೆಸ್ಸಿನ ಅಧಿವೇಶನಗಳಲ್ಲಿ ವಂದೇ ಮಾತರಂ ಗೀತವನ್ನು ಹಾಡಿ ದೇಶಕಾರ್ಯಕ್ಕೆ ತಮ್ಮ ಕಂಠವನ್ನು ಮುಡಿಪಿಟ್ಟವರು. ದತ್ತಾತ್ರೇಯರು 1921ನೆಯ ಮೇ 28ರಂದು ನಾಸಿಕದಲ್ಲಿ ಜನಿಸಿದರು. 1931ರಲ್ಲಿ ತಂದೆಯವರು ಸ್ವರ್ಗಸ್ಥರಾದಾಗ ಬಾಲಕನಿಗೆ ಹತ್ತು ವರ್ಷ ಮಾತ್ರ. ಹೆಸರು ತಂದೆಯಿಂದ ಬಂದಿತು. ವಿದ್ಯೆಯನ್ನಾದರೋ ಬಹುಮಟ್ಟಿಗೆ ತಂದೆಯ ಶಿಷ್ಯರಿಂದ ಪಡೆಯಬೇಕಾಯಿತು. ವಿನಾಯಕರಾವ ಪಟವರ್ಧನರೂ ನಾರಾಯಣರಾವ ವ್ಯಾಸರೂ ಗುರುವಿನಿಂದ ಪಡೆದುದನ್ನು ಗುರುಪುತ್ರನಿಗೆ ಧಾರೆಯೆರೆದರು. ಗುರುದಕ್ಷಿಣೆಯೆಂದರೆ ಇದಕ್ಕಿಂತ ಹಿರಿದಾದುದು ಯಾವುದು?

1935ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಜಾಲಂಧರದ ಹರಿವಲ್ಲಭ ಸಂಗೀತ ಸಮ್ಮೇಲನದಲ್ಲಿ ಅವರು ಮೊದಲ ಸಲ ಹಾಡಿದರು. ತಂದೆಯು ಪಾಠಶಾಲೆಯನ್ನು ತೆರೆದ ಪಂಜಾಬ ಪ್ರಾಂತವೇ ಮಗನ ಮೊದಲ ಸಭೆಯಾದುದು ಯೋಗ್ಯವೇ ಸರಿ. 1944ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಿದ್ದಿತು. ಅವರದು ಗ್ವಾಲಿಯರ ಪರಂಪರೆಯ ಗಾಯನ: ಆಡಂಬರವಿಲ್ಲದೆ ರಾಗದ ಸ್ವರೂಪವನ್ನು ತಿಳಿಯಾಗಿ ತೋರಿಸುವುದು, ಹಿಡಿದ ಸ್ವರವನ್ನು ಕದಲಗೊಡದಿರುವುದು, ಹೇಳಬೇಕಾದುದು ಮುಗಿದೊಡನೆ ನಿಲ್ಲಿಸುವುದು. ಅನ್ಯ ಘರಾಣೆಗಳ ಸೊಬಗನ್ನು ಸ್ವೀಕರಿಸಲು ಅವರು ಸಂಕೋಚಪಡಲಿಲ್ಲ. ಭಜನವನ್ನು ಹಾಡುವಾಗಲೂ ಖ್ಯಾಲಿನ ಶುದ್ಧಿಯನ್ನೇ ಕಾಯ್ದುಕೊಂಡರು.

ಇಂಥವರು ಬೋಲಪಟಕ್ಕೆ ಹಾಡಿದುದು ಯುಕ್ತವೋ ಎಂಬ ಸಂಶಯವು ಮಡಿವಂತ ರಸಿಕರಲ್ಲಿ ಏಳುವುದು ಸಹಜ. 1952ರಲ್ಲಿ ವಿಜಯ ಭಟ್ಟರು ನಿರ್ದೇಶಿಸಿದ ‘ಬೈಜು ಬಾವ್ರಾ’ ಚಿತ್ರದಲ್ಲಿ ಅಕಬರನ ದರಬಾರಿನೊಳಗೆ ತಾನಸೇನನಿಗೂ ಬೈಜುವಿಗೂ ಸ್ಪರ್ಧೆ ನಡೆಯುತ್ತದೆ. ಸಂಗೀತ ನಿರ್ದೇಶಕರಾದ ನೌಷಾದರು ತಾನಸೇನನಿಗೆ ಉಸ್ತಾದ ಅಮೀರಖಾನರ ಕಂಠವನ್ನೂ ಬೈಜುವಿಗೆ ಪಲುಸ್ಕರರ ಕಂಠವನ್ನೂ ಕೊಡಿಸಿದರು. ದೇಸಿ ರಾಗದ ಆ ಜೋಡಿಗಾಯನವನ್ನು ಕೇಳಿದವರಿಗೆ ಸಂಶಯವು ಉಳಿಯಲಾರದು. ಸಂಗೀತವನ್ನು ದರಬಾರಿನಿಂದ ಬಿಡಿಸಿದವರ ಮಗನೇ ದರಬಾರಿನ ಗಾಯಕನಿಗೆ ಎದುರಾಗಿ ನಿಂತ ಬೈಜುವಿನ ಧ್ವನಿಯಾದನು! ರಾಗವನ್ನು ಕೆಡಿಸದೆ ಲಕ್ಷಾವಧಿ ಜನರ ಕಿವಿಗೆ ಮುಟ್ಟಿಸುವುದು ಕಲೆಯ ಅಧಃಪತನವಲ್ಲ. ತಂದೆಯು ಹಿಡಿದ ವ್ರತದ ಮುಂದುವರಿಕೆಯೇ ಅದೆಂದು ನಮ್ಮ ಅಭಿಪ್ರಾಯ. ಕೀರ್ತಿ ಬಂದಿತೆಂದು ಅವರು ಚಿತ್ರಶಾಲೆಗಳ ಬೆನ್ನು ಹತ್ತಲೂ ಇಲ್ಲ. ಅವರು ಹಾಡಿದ ಇನ್ನೊಂದೇ ಚಿತ್ರವೆಂದರೆ 1955ರ ‘ಶಾಪಮೋಚನ’ವೆಂಬ ಬಂಗಾಲಿ ಚಿತ್ರ.

ಅದೇ 1955ರಲ್ಲಿ ಭಾರತದ ಸಾಂಸ್ಕೃತಿಕ ನಿಯೋಗದೊಡನೆ ಚೀನಕ್ಕೆ ಹೋಗಿಬಂದರು. ಅಕ್ಟೋಬರ ತಿಂಗಳಲ್ಲಿ ಮಿದುಳಿನ ಉರಿಯೂತವು ಅವರನ್ನು ಬಲಿ ತೆಗೆದುಕೊಂಡಿತು. ಖ್ಯಾಲ ಗಾಯಕನ ವಿದ್ಯೆಯು ಪಕ್ವವಾಗುವುದು ನಲವತ್ತರ ಆಚೆಗೆ. ಆ ಫಲವನ್ನು ಕಾಣುವ ಯೋಗವು ನಾಡಿಗಿರಲಿಲ್ಲ. ಉಳಿದಿರುವುವು ಕೆಲವು ಧ್ವನಿಮುದ್ರಿಕೆಗಳು ಮಾತ್ರ. ಹೆಸರಾಂತ ಮನೆತನದಲ್ಲಿ ಹುಟ್ಟಿ, ಆ ಹೆಸರನ್ನೇ ಬಂಡವಾಳವಾಗಿ ಬಳಸುವ ತರುಣರು ಎಲ್ಲ ಕಾಲದಲ್ಲಿಯೂ ಉಂಟು. ಅಂಥವರು ಈ ಮುದ್ರಿಕೆಗಳಲ್ಲಿ ಒಂದನ್ನಾದರೂ ಕುಳಿತು ಪೂರ್ತಿಯಾಗಿ ಕೇಳಲೆಂದು ನಾವು ಬಯಸುತ್ತೇವೆ. ಪಿತೃಋಣವನ್ನು ತೀರಿಸುವ ಬಗೆ ಅಲ್ಲಿದೆ.