ಡಾಕ್ಟರಿಕೆಗೆ ಸೇವೆಯ ಜೋಡು: ಡಾ. ನಾ. ಸು. ಹರ್ಡೀಕರ

ನಮ್ಮ ಕೆರೂರಿನ ಮೇಲೆ ಹಾದುಹೋಗುವ ಹೆದ್ದಾರಿ ಹಿಡಿದು ವಿಜಯಪುರ ದಾಟಿ ಸೊಲ್ಲಾಪುರದ ಕಡೆ ಹೊರಟರೆ ತಿಡಗುಂದಿ ಸಿಗುತ್ತದೆ. ಡಾ. ನಾರಾಯಣ ಸುಬ್ಬರಾವ ಹರ್ಡೀಕರ ಅವರು ಹುಟ್ಟಿದ್ದು ಅದೇ ಹಳ್ಳಿಯಲ್ಲಿ, 1889ರ ಮೇ 7ರಂದು. ಅವರು ದುಡಿದದ್ದು ಅದೇ ಹೆದ್ದಾರಿಯ ಇನ್ನೊಂದು ದಿಕ್ಕಿನ ಹುಬ್ಬಳ್ಳಿಯಲ್ಲಿ.

ಕಲಕತ್ತೆಯಲ್ಲಿ ವೈದ್ಯಕೀಯ ಓದಿ, 1913ರಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರ ಅಭ್ಯಾಸ ಮಾಡಿದರು. ಅಲ್ಲಿ ಲಾಲಾ ಲಜಪತರಾಯರ ಜೊತೆ ನಿಂತು ಹೋಮ್ ರೂಲ್ ಕೆಲಸಕ್ಕೂ ಕೈಹಚ್ಚಿದರು. 1921ರಲ್ಲಿ ಊರಿಗೆ ಮರಳಿದಾಗ ದವಾಖಾನಿ ಹಾಕಿಕೊಂಡು ಸುಖವಾಗಿ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡರು. ಆ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಸೇವಾದಳದ ಹುಡುಗರು ಸ್ವಯಂಸೇವಕರಾಗಿ ದುಡಿದರು. 1932ರಲ್ಲಿ ಬ್ರಿಟಿಷರು ದಳವನ್ನು ನಿಷೇಧಿಸಿದರು.

ಮುಂದೆ ಹರ್ಡೀಕರರ ಹೆಸರು ಗಟ್ಟಿಯಾಗಿ ಕೂಡಿಕೊಂಡದ್ದು ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದ ಜೊತೆ. ಡಾ. ಕೊಕಟನೂರ ಮೊದಲಾದ ವೈದ್ಯಮಿತ್ರರ ಸಂಗಡ ಅದನ್ನು ಕಟ್ಟಿ ಬೆಳೆಸಿದರು. ಆ ಕಾಲಕ್ಕೆ ಕ್ಷಯಕ್ಕೆ ಖಾತ್ರಿ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಸಿಕ್ಕದ್ದು 1943ರಲ್ಲಿ. ಅಲ್ಲಿಯವರೆಗೆ ಒಳ್ಳೆ ಗಾಳಿ, ಹೊಟ್ಟೆ ತುಂಬ ಊಟ, ವಿಶ್ರಾಂತಿ, ಇವೇ ಮದ್ದು. ಇವನ್ನು ಡಾಕ್ಟರು ಚೀಟಿಯಲ್ಲಿ ಬರೆದರೆ ಬಡವನ ಮನೆಗೆ ಬಂದು ಬೀಳುವುದಿಲ್ಲ. ಸಮಾಜ ಕೈಗೂಡಿಸಬೇಕು.

1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. 1975ರ ಆಗಸ್ಟ್ 26ರಂದು ತೀರಿಕೊಂಡರು.

ಇಂದು ಕ್ಷಯಕ್ಕೆ ಸರಕಾರಿ ದವಾಖಾನಿಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತವೆ. 2024ರ ನವೆಂಬರದಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ. ಆದರೂ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಕೂಲಿ ತಪ್ಪಿತೆಂದೋ, ಸ್ವಲ್ಪ ಗುಣ ಕಂಡಿತೆಂದೋ ನಡುವೆ ಗುಳಿಗೆ ಬಿಟ್ಟರೆ ರೋಗ ಮತ್ತೆ ಜೋರಾಗಿ ಏಳುತ್ತದೆ. ಅಂಥವರ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ನೆರೆಹೊರೆಯವರೂ ಹೋಗಬೇಕು.

ಸಹಕಾರಿಗಳಿಗೆ ಇದು ಹೊಸದಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಸಂಘದ ಸದಸ್ಯರ ಸಣ್ಣ ವಂತಿಗೆಯಿಂದಲೇ ರೈತರ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿತು. 2018ರಲ್ಲಿ ನಿಂತಾಗ ಮಂದಿಗೆ ಅದರ ಬೆಲೆ ತಿಳಿಯಿತು. 2022-23ರಲ್ಲಿ ಮತ್ತೆ ಜಾರಿಗೆ ಬಂತು.

ಸದಸ್ಯ ಬಾಂಧವರೇ, ಬೀಜ-ಗೊಬ್ಬರದ ಸಾಲ ವಿಚಾರಿಸುವ ಸಂಘ, ಸಾಲಗಾರನ ಮನೆಯಲ್ಲಿ ಹಾಸಿಗೆ ಹಿಡಿದವರನ್ನೂ ವಿಚಾರಿಸಲಿ. ಈ ರಜತ ಮಹೋತ್ಸವದಲ್ಲಿ ನಮ್ಮ ಜಿಲ್ಲೆಯ ನೆರೆಯ ಈ ಹಿರಿಯರಿಗೆ ಸಲ್ಲುವ ನಿಜವಾದ ನಮನ ಅದೇ.