ಬುದ್ಧಿ ಅಳೆಯುವ ಪರೀಕ್ಷೆ ಮಾಡಿದ ಬಿನೆ, ಬುದ್ಧಿಗೆ ಬೇಲಿ ಹಾಕಲಿಲ್ಲ: ಐಕ್ಯೂ ಹಿಂದಿನ ಅಸಲಿ ಕಥೆ

ನಿಮ್ಮ ಮಗುವಿನ ಐಕ್ಯೂ ಎಷ್ಟು? ಹತ್ತು ಪ್ರಶ್ನೆಗೆ ಉತ್ತರಿಸಿ, ಎರಡೇ ನಿಮಿಷದಲ್ಲಿ ತಿಳಿಯಿರಿ! ಇಂಥ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಐಕ್ಯೂ ಹುಟ್ಟಿನಿಂದಲೇ ಬರುತ್ತದೆ, ಜೀವನವಿಡೀ ಅಷ್ಟೇ ಇರುತ್ತದೆ ಎಂಬ ಮಾತೂ ಅದರ ಜೊತೆಗೇ ಓಡಾಡುತ್ತದೆ. ಆದರೆ ಈ ಪರೀಕ್ಷೆಗಳಿಗೆಲ್ಲ ಮೂಲಪುರುಷರಾದ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಈ ಮಾತನ್ನು ಒಪ್ಪುತ್ತಲೇ ಇರಲಿಲ್ಲ! ಬಿ.ಎಡ್., ಡಿ.ಎಡ್. ಓದಿದವರಿಗೆ ಇವರು ಬಿನೆಟ್ ಎಂಬ ಹೆಸರಿನಲ್ಲಿ ಪರಿಚಿತರು. ಅವರ ಬದುಕು ಹೇಗಿತ್ತು, ಅವರ ಪರೀಕ್ಷೆಗೆ ಮುಂದೆ ಏನಾಯಿತು ಎಂಬುದನ್ನು ನಾವು ಇಲ್ಲಿ ನೋಡೋಣ.

ಕಾನೂನು ಓದಿ ಮನಸ್ಸಿನ ಹಿಂದೆ ಹೋದವರು

ಬಿನೆ ಹುಟ್ಟಿದ್ದು 1857ರ ಜುಲೈನಲ್ಲಿ, ನೀಸ್ ಪಟ್ಟಣದಲ್ಲಿ. ತಂದೆ ವೈದ್ಯರು, ತಾಯಿ ಚಿತ್ರ ಕಲಾವಿದೆ. ತಂದೆ ತಾಯಿ ಬೇರೆಯಾದ ಮೇಲೆ ಅವರು ತಾಯಿಯ ಜೊತೆ ಬೆಳೆದರು. ಪ್ಯಾರಿಸ್ಸಿಗೆ ಬಂದು ಕಾನೂನು ಪದವಿ ಪಡೆದರೂ ವಕೀಲರಾಗಲಿಲ್ಲ. ವೈದ್ಯಕೀಯ ಶುರು ಮಾಡಿ ಅದನ್ನೂ ಅರ್ಧಕ್ಕೇ ಬಿಟ್ಟರು. ಕೊನೆಗೆ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನದ ಪುಸ್ತಕಗಳನ್ನು ತಾವಾಗಿಯೇ ಓದಿಕೊಂಡರು. ಬುದ್ಧಿಯ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಇವರಿಗೆ ಆ ವಿಷಯದಲ್ಲಿ ಪಾಠ ಹೇಳಿದ ಮೇಷ್ಟ್ರೇ ಇರಲಿಲ್ಲ ಎನ್ನಬಹುದು.

ಅಯಸ್ಕಾಂತ ಕಲಿಸಿದ ಪಾಠ

1880ರ ದಶಕದಲ್ಲಿ ಬಿನೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೆರ್ ಆಸ್ಪತ್ರೆ ಸೇರಿದರು. ಅಲ್ಲಿದ್ದವರು ಹೆಸರಾಂತ ನರರೋಗ ತಜ್ಞ ಷಾರ್ಕೊ. ಸಮ್ಮೋಹನಕ್ಕೆ ಒಳಗಾದ ರೋಗಿಯ ಬಳಿ ಅಯಸ್ಕಾಂತ ಹಿಡಿದರೆ ಬಲಗೈಯ ಲಕ್ಷಣ ಎಡಗೈಗೆ ಹೋಗುತ್ತದೆ ಎಂದು ಬಿನೆ ಮತ್ತು ಅವರ ಸಹೋದ್ಯೋಗಿ ಬರೆದರು. ಆದರೆ ಬೆಲ್ಜಿಯಂನ ಡೆಲ್ಬೂಫ್ ಎಂಬ ವಿದ್ವಾಂಸರು ಇದರ ಗುಟ್ಟು ಬಯಲು ಮಾಡಿದರು. ಏನಾಗಬೇಕು ಎಂಬುದನ್ನು ಪ್ರಯೋಗ ಮಾಡುವವರು ರೋಗಿಯ ಎದುರೇ ಮಾತಾಡಿಕೊಳ್ಳುತ್ತಿದ್ದರು. ರೋಗಿ ಅದನ್ನು ಕೇಳಿ ಹಾಗೆಯೇ ನಡೆದುಕೊಳ್ಳುತ್ತಿದ್ದರು, ಅಷ್ಟೆ. ಅಯಸ್ಕಾಂತದ ಪಾತ್ರ ಏನೂ ಇರಲಿಲ್ಲ!

ಬಿನೆಗೆ ಇದು ದೊಡ್ಡ ಅವಮಾನ. ಅವರು ತಪ್ಪು ಒಪ್ಪಿಕೊಂಡು ಆಸ್ಪತ್ರೆ ಬಿಟ್ಟರು. ಪರೀಕ್ಷೆ ಮಾಡುವವನ ಮನಸ್ಸಿನಲ್ಲಿರುವುದೇ ಫಲಿತಾಂಶವಾಗಿ ಹೊರಬರಬಹುದು ಎಂಬ ಎಚ್ಚರ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಇಬ್ಬರು ಹೆಣ್ಣುಮಕ್ಕಳು, ಎರಡು ಸ್ವಭಾವ

ಬಿನೆಗೆ ಮ್ಯಾಡ್ಲೀನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ಮಕ್ಕಳು ನಡೆಯಲು ಕಲಿಯುವುದನ್ನೂ ಅವರು ಗಮನವಿಟ್ಟು ನೋಡಿ ಬರೆದಿಟ್ಟರು. ದೊಡ್ಡವಳು ಹಿಡಿದ ಕುರ್ಚಿ ಬಿಡುತ್ತಿದ್ದುದು ಹತ್ತಿರದಲ್ಲಿ ಇನ್ನೊಂದು ಆಸರೆ ಕಂಡರೆ ಮಾತ್ರ. ಚಿಕ್ಕವಳು ಬಿದ್ದೇನು ಎಂಬ ಯೋಚನೆಯೇ ಇಲ್ಲದೆ ಕೋಣೆಯ ನಡುವೆ ನುಗ್ಗುತ್ತಿದ್ದಳು. ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಹಲವು ಬಗೆಯ ಪ್ರಶ್ನೆ, ಆಟ, ಒಗಟುಗಳನ್ನು ಕೊಟ್ಟರು. ಒಬ್ಬಳು ಕಂಡದ್ದನ್ನು ಕಂಡಂತೆ ಹೇಳುವವಳು, ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ಇದನ್ನೆಲ್ಲ 1903ರಲ್ಲಿ ಬುದ್ಧಿಯ ಪ್ರಾಯೋಗಿಕ ಅಧ್ಯಯನ ಎಂಬ ಅರ್ಥದ ಹೆಸರಿನ ಪುಸ್ತಕವಾಗಿ ಪ್ರಕಟಿಸಿದರು.

ಒಂದೇ ಮನೆ, ಅದೇ ತಂದೆ ತಾಯಿ. ಆದರೂ ಯೋಚಿಸುವ ರೀತಿ ಬೇರೆ. ಇಬ್ಬರಲ್ಲಿ ಯಾರು ಬುದ್ಧಿವಂತೆ ಎಂದು ಕೇಳಿದರೆ ಏನು ಹೇಳುವುದು? ಬುದ್ಧಿ ಎಂಬುದು ಒಂದೇ ಗೆರೆಯ ಮೇಲೆ ಅಳೆಯುವ ವಸ್ತುವಲ್ಲ ಎಂಬುದು ಬಿನೆಗೆ ಮನೆಯಲ್ಲೇ ಗೊತ್ತಾಗಿತ್ತು.

ತಲೆ ದೊಡ್ಡದಿದ್ದರೆ ಬುದ್ಧಿ ಹೆಚ್ಚೇ?

ತಲೆ ದೊಡ್ಡದಿದ್ದವರಿಗೆ ಬುದ್ಧಿ ಹೆಚ್ಚು ಎಂಬ ನಂಬಿಕೆ ಆಗಿನ ವಿಜ್ಞಾನಿಗಳಲ್ಲೂ ಇತ್ತು. ಬಿನೆ ಕೂಡ ಟೇಪು ಹಿಡಿದು ಶಾಲಾ ಮಕ್ಕಳ ತಲೆ ಅಳೆದರು. ಜಾಣ ಮಕ್ಕಳಿಗೂ ಹಿಂದುಳಿದ ಮಕ್ಕಳಿಗೂ ಸಿಕ್ಕ ವ್ಯತ್ಯಾಸ ತೀರಾ ಚಿಕ್ಕದು. ಜಾಣರ ತಲೆ ದೊಡ್ಡದಿರಬೇಕು ಎಂಬ ತಮ್ಮ ನಿರೀಕ್ಷೆಯೇ ಅಳತೆಯನ್ನು ಬದಲಿಸುತ್ತಿದೆಯೇ ಎಂದೂ ಅವರಿಗೆ ಅನುಮಾನ ಬಂತು. ಹೀಗಾಗಿ ಆ ದಾರಿಯನ್ನೇ ಕೈಬಿಟ್ಟರು.

1905ರ ಪರೀಕ್ಷೆ: ಏಕೆ? ಹೇಗೆ?

ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದರು. ಕೆಲವರಿಗೆ ಪಾಠ ಹತ್ತುತ್ತಿರಲಿಲ್ಲ. ಅಂಥವರಿಗೆ ವಿಶೇಷ ತರಗತಿ ಬೇಕು, ಆದರೆ ಅವರನ್ನು ಗುರುತಿಸುವುದು ಹೇಗೆ? ಒಂದೇ ಮಗುವಿನ ಬಗ್ಗೆ ಒಬ್ಬ ವೈದ್ಯರು ಒಂದು, ಇನ್ನೊಬ್ಬರು ಮತ್ತೊಂದು ಬರೆಯುತ್ತಿದ್ದರು. ಇದಕ್ಕಾಗಿ 1904ರಲ್ಲಿ ಸರ್ಕಾರ ಸಮಿತಿ ಮಾಡಿತು, ಬಿನೆ ಅದರಲ್ಲಿದ್ದರು. ಯಾರೋ ಒಬ್ಬರ ಅಭಿಪ್ರಾಯದ ಮೇಲೆ ಮಗುವಿಗೆ ದಡ್ಡ ಎಂಬ ಹಣೆಪಟ್ಟಿ ಬೀಳಬಾರದು ಎಂಬುದು ಅವರ ಕಾಳಜಿ.

1905ರಲ್ಲಿ ಬಿನೆ ಮತ್ತು ಯುವ ವೈದ್ಯ ಥಿಯೊಡೋರ್ ಸಿಮೋನ್ ಸೇರಿ 30 ಪ್ರಶ್ನೆಗಳ ಪರೀಕ್ಷೆ ತಂದರು. ಸುಲಭದಿಂದ ಕಷ್ಟದ ಕಡೆಗೆ ಅದರ ಜೋಡಣೆ. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಹೇಳಿದ ಅಂಕಿಗಳನ್ನು ಮರಳಿ ಹೇಳುವುದು, ಎರಡು ಗೆರೆಗಳಲ್ಲಿ ಉದ್ದದ್ದು ಯಾವುದು ತೋರಿಸುವುದು, ತೂಕದ ಪ್ರಕಾರ ವಸ್ತುಗಳನ್ನು ಜೋಡಿಸುವುದು, ಹೀಗೆ. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಗುಂಪು ಮಾಡಿದರು. ಎಂಟು ವರ್ಷದ ಮಗು ಆರು ವರ್ಷದವರ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ, ಅದು ಎರಡು ವರ್ಷ ಹಿಂದಿದೆ, ಸಹಾಯ ಬೇಕು ಎಂದು ಅರ್ಥ. ಹೊಟ್ಟೆನೋವು ಎಂದವನಿಗೆ ಸ್ಕ್ಯಾನ್ ಮಾಡಿಸುವುದು ಚಿಕಿತ್ಸೆ ಕೊಡಲು ತಾನೇ? ಇದೂ ಹಾಗೆಯೇ.

ಬುದ್ಧಿಗೂ ವ್ಯಾಯಾಮ

ಬುದ್ಧಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಎನ್ನುವವರನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಖಾರವಾಗಿಯೇ ಟೀಕಿಸಿದರು. ಅಭ್ಯಾಸ ಮತ್ತು ಸರಿಯಾದ ವಿಧಾನದಿಂದ ಗಮನ, ನೆನಪು, ವಿವೇಚನೆ ಬೆಳೆಯುತ್ತವೆ ಎಂಬುದು ಅವರ ವಾದ. ಹಿಂದುಳಿದ ಮಕ್ಕಳಿಗೆ ಮಾನಸಿಕ ವ್ಯಾಯಾಮ ರೂಪಿಸಿದರು. ಶಿಕ್ಷಕರು ಹೇಳಿದ ಕೂಡಲೇ ಮಕ್ಕಳು ಪ್ರತಿಮೆಯಂತೆ ಅಲುಗಾಡದೆ ನಿಲ್ಲಬೇಕು. ಹಲಗೆಗೆ ಅಂಟಿಸಿದ ಹಲವು ವಸ್ತುಗಳನ್ನು ಕೆಲವೇ ಕ್ಷಣ ನೋಡಿ, ನೆನಪಿನಿಂದ ಬರೆಯಬೇಕು. ಕೇಳಲು ಆಟ, ಆದರೆ ಏಕಾಗ್ರತೆಗೆ ತಾಲೀಮು. ಕಲಿಯುವುದನ್ನು ಕಲಿಸುವುದು ಮೊದಲು, ಪಾಠ ಆಮೇಲೆ!

ಹಾಗಾದರೆ ಐಕ್ಯೂ ಎಲ್ಲಿಂದ ಬಂತು?

1911ರ ಅಕ್ಟೋಬರ್ 18ರಂದು, ಕೇವಲ 54ನೇ ವಯಸ್ಸಿನಲ್ಲಿ ಬಿನೆ ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್, ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಎಂದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ತಮ್ಮ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯಲ್ಲಿ ಅದನ್ನು 100ರಿಂದ ಗುಣಿಸಿದರು. 8 ವರ್ಷದ ಮಗುವಿನ ಮಾನಸಿಕ ವಯಸ್ಸು 6 ಆದರೆ ಐಕ್ಯೂ 75. ಸಹಾಯ ಬೇಕು ಎಂಬ ಸೂಚನೆ, ಮಗುವಿನ ಹಣೆಯ ಮೇಲಿನ ಅಂಕಿಯಾಯಿತು.

ಮುಂದಿನದು ಘೋರ. ಹೆನ್ರಿ ಗಾಡರ್ಡ್ ಎಂಬುವರು ಬಿನೆ ಪರೀಕ್ಷೆಯನ್ನು ನ್ಯೂಯಾರ್ಕ್ ಬಂದರಿಗೆ ಒಯ್ದು, ಹಡಗಿನಿಂದ ಆಗಷ್ಟೇ ಇಳಿದ, ಇಂಗ್ಲಿಷ್ ಬಾರದ ವಲಸಿಗರ ಮೇಲೆ ಪ್ರಯೋಗಿಸಿ, ಹೆಚ್ಚಿನವರು ಮಂದಬುದ್ಧಿಯವರು ಎಂದರು. ಮಂದಬುದ್ಧಿ ಎಂದು ಗುರುತಿಸಿದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವ ಕಾನೂನುಗಳು ಅಮೆರಿಕದ ಹಲವು ರಾಜ್ಯಗಳಲ್ಲಿದ್ದವು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇಂಥ ಕಾನೂನುಗಳಿಗೆ ಬಲಿಯಾದವರು 60 ಸಾವಿರಕ್ಕೂ ಹೆಚ್ಚು. ಬಿನೆ ಇದನ್ನು ನೋಡಲು ಬದುಕಿರಲಿಲ್ಲ. ಆದರೆ ಸಿಮೋನ್ ಬದುಕಿದ್ದರು, ಐಕ್ಯೂ ಎಂಬುದು ತಮ್ಮ ಪರೀಕ್ಷೆಯ ಉದ್ದೇಶಕ್ಕೇ ಬಗೆದ ದ್ರೋಹ ಎಂದು ಅವರು ಭಾವಿಸಿದ್ದರು.

ಧಾರವಾಡಕ್ಕೂ ಬಂದ ಬಿನೆ

ನಮ್ಮ ನಾಡಿಗೂ ಈ ಪರೀಕ್ಷೆಗೂ ನಂಟಿದೆ. ಡಾ. ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಇದನ್ನು ಮಾರ್ಪಡಿಸಿದರು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ.

ನಾವು ತಿಳಿಯಬೇಕಾದದ್ದು

ಐಕ್ಯೂ ಪರೀಕ್ಷೆಯೇ ಸುಳ್ಳು ಎಂದು ನಾವು ಹೇಳುತ್ತಿಲ್ಲ. ತರಬೇತಿ ಪಡೆದ ಮನಃಶಾಸ್ತ್ರಜ್ಞರು, ಮಗುವಿಗೆ ತಿಳಿಯುವ ಭಾಷೆಯಲ್ಲಿ, ಸಮಯ ಕೊಟ್ಟು ಮಾಡಿದರೆ ಅದು ಉಪಯುಕ್ತ. ಅವರು ಅಂಕಿಯೊಂದನ್ನೇ ನೋಡುವುದಿಲ್ಲ. ಮಗುವಿನ ಮಾತು, ದಿನನಿತ್ಯದ ಕೆಲಸ, ಬೆರೆಯುವ ರೀತಿ ಎಲ್ಲವನ್ನೂ ಗಮನಿಸುತ್ತಾರೆ. ಮೊಬೈಲಿನ ಹತ್ತು ಪ್ರಶ್ನೆಗಳಿಗೆ ಇದ್ಯಾವುದೂ ಗೊತ್ತಿಲ್ಲ.

ನಿಮ್ಮ ಮಗು ಕಲಿಕೆಯಲ್ಲಿ ಹಿಂದಿದೆ ಅನಿಸಿದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಶಿಕ್ಷಕರ ಜೊತೆ ಮಾತಾಡಿ, ಅಗತ್ಯವಿದ್ದರೆ ಮಕ್ಕಳ ತಜ್ಞರನ್ನು ಕಾಣಿ. ದಡ್ಡ ಎಂಬ ಪದವನ್ನು ಮಾತ್ರ ಮಗುವಿನ ಮುಂದೆ ಆಡಬೇಡಿ. ನಿನಗೆ ಈ ವಿದ್ಯೆ ಎಂದೂ ಹತ್ತದು ಎಂದು ಬಿನೆಗೂ ಒಬ್ಬ ಪರೀಕ್ಷಕರು ಹೇಳಿದ್ದರಂತೆ. ಆ ಮಾತನ್ನು ಅವರು ಐವತ್ತು ದಾಟಿದ ಮೇಲೂ ಮರೆತಿರಲಿಲ್ಲ.